ಪಾದದ ಹಲಗೆಯ ಡ್ರೈವರ್

ನನ್ನ ಸೋದರಮಾವನಿಗೆ ಬುದ್ಧಿ ಹೇಳುವುದೂ ಒಂದೇ, ಗೋಡೆಗೆ ಹೇಳುವುದೂ ಒಂದೇ. ಗೋಡೆಯಾದರೂ ಎದುರು ಮಾತಾಡುವುದಿಲ್ಲ. "ಈ ಕಂಪ್ಯೂಟರ್ ಬದಲಾಯಿಸಿ ಮಾವ, ಇದಕ್ಕೆ ವಯಸ್ಸಾಯ್ತು" ಎಂದು ನಾನು ಹೇಳಿದಾಗಲೆಲ್ಲ, "ನನಗೂ ಆಯ್ತು, ನನ್ನನ್ನೂ ಬದಲಾಯಿಸ್ತೀಯಾ?" ಎಂದು ಬಾಯಿ ಮುಚ್ಚಿಸುತ್ತಿದ್ದರು. ಹಾಗಾಗಿ ಆ ದಿನ ಬೆಳಿಗ್ಗೆ ಅವರ ಫೋನು ಬಂದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ.

"ಮೆಣಸಿನಕಾಯಿ, ಪೆಟ್ಟಿಗೆ ಮಲಗಿಬಿಟ್ಟಿದೆ ಕಣೇ. ಎಬ್ಬಿಸಿದ್ರೂ ಏಳ್ತಾ ಇಲ್ಲ" ಅಂದರು.

ಮೆಣಸಿನಕಾಯಿ ಅಂದರೆ ನಾನೇ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು ಹುಟ್ಟಿದವಳು ಎಂದು ಮಾವ ಇಟ್ಟ ಹೆಸರು. ಮಿಕ್ಕವರು ಯಾರಾದರೂ ಹಾಗೆ ಕರೆದರೆ ಅವರಿಗೆ ಗ್ರಹಚಾರ ಬಿಡಿಸುತ್ತೇನೆ. ನನ್ನದು ಕಂಪ್ಯೂಟರ್ ರಿಪೇರಿ ಅಂಗಡಿ. ಮಾವನ ಅಂಗಡಿಯಿಂದ ಎರಡು ಬೀದಿ ಆಚೆ. ಅವರದು ಶೂ ಮಾಡುವ ಅಂಗಡಿ, ಆದರೆ ಎಲ್ಲರಿಗಲ್ಲ. ಒಂದು ಕಾಲು ಗಿಡ್ಡ ಇದ್ದವರು, ಪಾದ ಒಳಕ್ಕೆ ತಿರುಗಿದವರು, ಮೂಳೆ ಮುರಿದು ಕೂಡಿಕೊಂಡ ಮೇಲೂ ನೋವು ಬಿಡದವರು, ಇಂಥವರೆಲ್ಲ ಅವರ ಹತ್ತಿರ ಬರುತ್ತಾರೆ. ಒಂದೊಂದು ಶೂವನ್ನೂ ಆಯಾ ಕಾಲಿಗೆಂದೇ ಹೊಲಿಯುತ್ತಾರೆ.

ಅವರ ಹಳೆಯ ಗಿರಾಕಿಗಳಲ್ಲಿ ನಾನೇ ಮೊದಲಿನವಳು. ನನ್ನ ಬಲಗಾಲು ಎಡಗಾಲಿಗಿಂತ ಒಂದು ಹೆಬ್ಬೆರಳ ದಪ್ಪದಷ್ಟು ಗಿಡ್ಡ, ಹುಟ್ಟಿನಿಂದಲೇ. ಶಾಲೆಗೆ ಸೇರಿಸುವ ಮುಂಚೆ ಮಾವ ನನ್ನನ್ನು ಕೆಲಸದ ಮೇಜಿನ ಮೇಲೆ ನಿಲ್ಲಿಸಿ, ಕಾಲಡಿಗೆ ಚರ್ಮದ ಚೂರುಗಳನ್ನು ಒಂದೊಂದಾಗಿ ತೂರಿಸುತ್ತ, ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿ, ನಾನು ನೆಟ್ಟಗೆ ನಿಂತ ಮೇಲೆ "ಹ್ಞಾ, ಈಗ ಸರಿ" ಅಂದಿದ್ದರಂತೆ. ಆ ಎತ್ತರವನ್ನೆಲ್ಲ ಶೂವಿನ ಒಳಗೇ ಅಡಗಿಸಿ, ಹೊರಗಿನಿಂದ ಎರಡೂ ಒಂದೇ ಥರ ಕಾಣುವ ಹಾಗೆ ಹೊಲಿದುಕೊಟ್ಟರು. ತರಗತಿಯಲ್ಲಿ ಯಾರಿಗೂ ಗೊತ್ತೇ ಆಗಲಿಲ್ಲ. ಒಂದು ಜಗಳದಲ್ಲಿ ನಾನು ಶೂ ಬಿಚ್ಚಿ ಎಸೆದಾಗ ಮಾತ್ರ ಗುಟ್ಟು ರಟ್ಟಾಯಿತು. ಅಂದಿನಿಂದ ಇಂದಿನವರೆಗೆ ನನ್ನ ಕಾಲಿಗೆ ಬೇರೆಯವರ ಕೈಯ ಶೂ ಹತ್ತಿಲ್ಲ. "ನಿನ್ನ ಕಾಲು ನನಗೆ ಕಂಠಪಾಠ" ಅನ್ನುತ್ತಿದ್ದರು ಮಾವ.

ಅಂಥ ಮಾವನ ಕೈಬೆರಳುಗಳಿಗೆ ಜೋಮು ಹಿಡಿಯಿತು. ಮೊದಮೊದಲು ಚಳಿಗೆ ಅಂದುಕೊಂಡರು, ಆಮೇಲೆ ವಯಸ್ಸಿಗೆ ಅಂದುಕೊಂಡರು. ಕೊನೆಗೆ ಡಾಕ್ಟರು ನರಗಳು ಸೋಲುತ್ತಿವೆ ಅಂದರು. ಕೈ ಗಟ್ಟಿಯಾಗೇ ಇದೆ, ಸುತ್ತಿಗೆ ಹಿಡಿಯುತ್ತದೆ, ಹೊಲಿಯುತ್ತದೆ, ಆದರೆ ತುದಿಬೆರಳಿಗೆ ಮೆತ್ತಗಿರುವುದು ಯಾವುದು ಗಟ್ಟಿಯಿರುವುದು ಯಾವುದು ಎಂದು ತಿಳಿಯುವುದಿಲ್ಲ. ಮಾವ ಇದನ್ನು ಅತ್ತೆಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡು, ಮುಚ್ಚಿಹೋಗುತ್ತಿದ್ದ ಒಂದು ಆಸ್ಪತ್ರೆಯಿಂದ ಪಾದದ ಹಲಗೆಯೊಂದನ್ನು ಕಂಪ್ಯೂಟರಿನ ಸಮೇತ ಕೊಂಡು ತಂದರು. ಗಿರಾಕಿ ಆ ಹಲಗೆಯ ಮೇಲೆ ನಿಂತರೆ ಸಾಕು, ಪಾದದ ಯಾವ ಭಾಗ ಎಷ್ಟು ಭಾರ ಹೊತ್ತಿದೆ ಎಂದು ಪರದೆಯ ಮೇಲೆ ಬಣ್ಣಗಳಲ್ಲಿ ಮೂಡುತ್ತದೆ. ಹೆಚ್ಚು ಭಾರ ಬಿದ್ದಲ್ಲಿ ಕೆಂಪು, ಕಡಿಮೆ ಬಿದ್ದಲ್ಲಿ ನೀಲಿ. ಬೆರಳು ಹೇಳುವುದನ್ನು ನಿಲ್ಲಿಸಿದ್ದನ್ನು ಹಲಗೆ ಹೇಳತೊಡಗಿತು, ಮಾವ ಇಷ್ಟು ವರ್ಷ ಅದರ ಮಾತು ಕೇಳಿಕೊಂಡೇ ಕೆಲಸ ಮಾಡಿದರು.

ಈಗ ಜೋಮು ಇನ್ನೂ ಹೆಚ್ಚಾಗಿ, ಅಂಗಡಿ ಮುಚ್ಚುವುದೆಂದು ತೀರ್ಮಾನಿಸಿದ್ದರು. ಬೆರಳಿನ ವಿಷಯ ನನಗೂ ಅತ್ತೆಗೂ ತಿಳಿದದ್ದು ಆಗಲೇ. ಮಳಿಗೆಯ ಮಾಲೀಕರಿಗೂ ಹೇಳಿಯಾಗಿತ್ತು. ಹೊಸ ಗಿರಾಕಿಗಳನ್ನು ತೆಗೆದುಕೊಳ್ಳುವುದು ನಿಲ್ಲಿಸಿದ್ದರು. ಉಳಿದಿದ್ದದ್ದು ಒಂದೇ ಕೆಲಸ, ಅದು ನನ್ನದು. ನಾನು ಬದುಕಿರುವಷ್ಟು ಕಾಲಕ್ಕೆ ಸಾಕಾಗುವಷ್ಟು ಜೊತೆ ಶೂಗಳನ್ನು ಹೊಲಿದಿಟ್ಟು, ಆಮೇಲೆ ಬಾಗಿಲು ಹಾಕುವುದು.

ಇದನ್ನು ಕೇಳಿದ ದಿನ ನನ್ನ ಪಿತ್ತ ನೆತ್ತಿಗೇರಿತ್ತು. "ನನ್ನ ತಲೆ ಮೇಲೆ ಯಾಕೆ ಹಾಕ್ತೀರಾ? ನಾನೇನು ಕೇಳಿದ್ನಾ?" ಎಂದು ಕೂಗಾಡಿದೆ.

"ನೀನು ಕೇಳೋದೇನು ಬಂತು? ನಾನು ಹೋದ್ಮೇಲೆ ಯಾರ ಹತ್ರ ಹೊಲಿಸ್ಕೋತೀಯ? ಅಂಗಡಿಯಲ್ಲಿ ಸಿಗೋದನ್ನ ಹಾಕ್ಕೊಂಡು ಕುಂಟ್ತೀಯಾ?" ಅಂದರು ಮಾವ, ತಲೆ ಎತ್ತದೆ.

ಅತ್ತೆಯ ಚಿಂತೆಯೇ ಬೇರೆ. "ಅಂಗಡಿ ಮುಚ್ಚಿ ಮನೇಲಿ ಕೂತ್ರೆ ಈ ಮನುಷ್ಯ ನನ್ನ ಪಾತ್ರೆಪಗಡಕ್ಕೆಲ್ಲ ಅಟ್ಟೆ ಹೊಲೀತಾರೆ ಕಣೇ. ಹೇಗಾದ್ರೂ ತಪ್ಪಿಸು" ಎಂದು ನನ್ನ ಕಿವಿಯಲ್ಲಿ ಹೇಳಿದ್ದರು. ತಮಾಷೆಗೆ ಹೇಳಿದಂತಿತ್ತು, ಆದರೆ ಅವರ ಕಣ್ಣು ನಗುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಹೋಗಲು ಜಾಗವಿಲ್ಲದ ಮಾವನನ್ನು ನೆನೆಸಿಕೊಳ್ಳಲು ನನಗೂ ಆಗುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ಕಂಪ್ಯೂಟರು ಮಲಗಿತ್ತು. ಹೋಗಿ ನೋಡಿದೆ. ಅಂಗಡಿಯ ಮೂಲೆಯಲ್ಲಿ, ಚರ್ಮದ ಸುರುಳಿಗಳ ನಡುವೆ, ಒಂದು ಕಾಲದಲ್ಲಿ ಬಿಳಿಯಿದ್ದು ಈಗ ಹಲ್ಲಿನ ಬಣ್ಣಕ್ಕೆ ತಿರುಗಿದ ಪೆಟ್ಟಿಗೆ. ಮುಚ್ಚಳ ತೆಗೆದರೆ ಒಳಗೆ ಚರ್ಮದ ಹುಡಿ ಗುಡ್ಡೆ ಬಿದ್ದಿತ್ತು. ಹಾರ್ಡ್ ಡಿಸ್ಕ್ ಸತ್ತಿತ್ತು. ಕಿವಿಗೆ ಹಿಡಿದರೆ ಟಿಕ್ ಟಿಕ್ ಎಂದು ಕೊನೆಯುಸಿರು ಎಳೆಯುತ್ತಿತ್ತು.

"ಬದುಕುತ್ತಾ?" ಎಂದು ಮಾವ ಕೇಳಿದರು.

"ಪೆಟ್ಟಿಗೆ ಬದುಕುತ್ತೆ. ಅದರ ತಲೇಲಿದ್ದದ್ದೆಲ್ಲ ಹೋಯ್ತು. ಮೊದಲಿಂದ ಕಲಿಸ್ಬೇಕು."

"ಕಲಿಸು. ಹಲಗೆ ಒಂದ್ಸಲ ಮಾತಾಡ್ಲಿ ಸಾಕು. ನಿನ್ನ ಪಾದ ಒಂದ್ಸಲ ಅದರ ಮೇಲೆ ಇಡ್ಬೇಕು. ಶೂ ಒಳಗೆ ಎತ್ತರ ಕೊಡೋ ಹಿಮ್ಮಡಿ ಪದರಗಳೆಲ್ಲ ಕತ್ತರಿಸಿ ಆಗಿದೆ, ಅದು ನನಗೆ ಕಂಠಪಾಠ. ಒಳಪಾದದ ಮೆತ್ತೆಗೆ ಮಾತ್ರ ಬೆರಳು ಬೇಕಲ್ಲ, ಅದೇ ಇಲ್ಲ" ಅಂದರು. ಮೇಜಿನ ಕೆಳಗೆ ಒಂದು ರಟ್ಟಿನ ಪೆಟ್ಟಿಗೆ ತುಂಬ ಹಿಮ್ಮಡಿಯ ಪದರಗಳಿದ್ದವು. ನನ್ನ ಜೀವಮಾನದ ಹಿಮ್ಮಡಿಗಳು. ಅದನ್ನು ನೋಡಿ ನನಗೆ ಅಳುವೂ ಬಂತು, ಸಿಟ್ಟೂ ಬಂತು. ಸಿಟ್ಟನ್ನು ಮಾತ್ರ ತೋರಿಸಿದೆ.

ಹೊಸ ಡಿಸ್ಕ್ ಹಾಕಿ, ಆ ಕಾಲದ್ದೇ ಆಪರೇಟಿಂಗ್ ಸಿಸ್ಟಮ್ ತುಂಬಿಸಿದೆ. ಹೊಸದನ್ನು ಹಾಕಿದರೆ ಆ ಮುದಿ ಪೆಟ್ಟಿಗೆ ಉಸಿರು ಕಟ್ಟಿ ಸಾಯುತ್ತಿತ್ತು. ಅಲ್ಲಿಂದ ಶುರುವಾಯಿತು ನನ್ನ ಅಲೆದಾಟ. ಹಳೆಯ ಕಂಪ್ಯೂಟರಿಗೆ ಡ್ರೈವರ್ ಹುಡುಕಿದವರಿಗೇ ಗೊತ್ತು ಅದರ ಕಷ್ಟ. ಡ್ರೈವರ್ ಅಂದರೆ ದುಭಾಷಿ ಇದ್ದ ಹಾಗೆ. ಕಂಪ್ಯೂಟರಿನ ಮಾತನ್ನು ಹಲಗೆಗೂ, ಹಲಗೆಯ ಮಾತನ್ನು ಕಂಪ್ಯೂಟರಿಗೂ ತಿಳಿಸುವ ಸಣ್ಣ ತಂತ್ರಾಂಶ. ಅದಿಲ್ಲದಿದ್ದರೆ ಎರಡೂ ಪಕ್ಕಪಕ್ಕದಲ್ಲೇ ಕೂತು ಪರಸ್ಪರ ಮುಖ ನೋಡಿಕೊಳ್ಳುತ್ತವೆ. ಪರದೆಯ ಡ್ರೈವರ್ ಸಿಕ್ಕಿತು. ಧ್ವನಿಯದ್ದು ಸಿಕ್ಕಿತು. ಇಂಟರ್ನೆಟ್ಟಿಗೆ ಹೋಗಲು ಬೇಕಾದ ಡ್ರೈವರ್ ಇಂಟರ್ನೆಟ್ಟಿನಲ್ಲೇ ಇತ್ತು, ಅದನ್ನು ನನ್ನ ಅಂಗಡಿಯಲ್ಲಿ ಇಳಿಸಿಕೊಂಡು ಹೊತ್ತು ತಂದೆ. ಪಾದದ ಹಲಗೆಯದು ಮಾತ್ರ ಸಿಗಲಿಲ್ಲ. ಪಟ್ಟಿಯ ಕೊನೆಯಲ್ಲಿ ಹಳದಿ ಗುರುತು ಹಚ್ಚಿಕೊಂಡು "ಅಪರಿಚಿತ ಸಾಧನ" ಎಂದು ಕೂತುಬಿಟ್ಟಿತು.

"ಅಪರಿಚಿತ ಅಂತೆ! ಇಷ್ಟು ವರ್ಷ ಒಂದೇ ಕೋಣೇಲಿದ್ದು!" ಎಂದು ಅತ್ತೆ ಮೂಗಿನ ಮೇಲೆ ಬೆರಳಿಟ್ಟರು. ಅಂಗಡಿಯ ಹಿಂದೆಯೇ ಅವರ ಮನೆ. ಅಡುಗೆಮನೆಗೂ ಅಂಗಡಿಗೂ ನಡುವೆ ಒಂದು ಪರದೆ ಅಷ್ಟೇ, ಅದನ್ನು ಸರಿಸಿಕೊಂಡು ಅವರು ಗಳಿಗೆಗೊಮ್ಮೆ ವಿಚಾರಿಸಿಕೊಂಡು ಹೋಗುತ್ತಿದ್ದರು.

ಹಲಗೆ ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿತ್ತು. ಅದರ ಜಾಲತಾಣದ ವಿಳಾಸದಲ್ಲಿ ಈಗ ಯಾರೋ ಪರದೆ ಬಟ್ಟೆ ಮಾರುತ್ತಿದ್ದರು. ಡ್ರೈವರ್ ಕೊಡುತ್ತೇವೆ ಎಂದು ಬೊಬ್ಬೆ ಹಾಕುವ ತಾಣಗಳಿಗೆ ಹೋದರೆ, ಹಸಿರು ಗುಂಡಿ ಒತ್ತಿ, ಇನ್ನೊಂದು ಹಸಿರು ಗುಂಡಿ ಒತ್ತಿ, ಕೊನೆಗೆ ಸಿಗುವುದು ಕಸ. ಒಂದು ತಾಣವಂತೂ ಪ್ರಿಂಟರಿನ ಡ್ರೈವರನ್ನು ಪಾದದ ಹಲಗೆಯದೆಂದು ದಾಟಿಸಿತು. ಹಾಕಿ ನೋಡಿದೆ, ಹಲಗೆಯಲ್ಲಿ ಕಾಗದ ಮುಗಿದಿದೆ ಎಂದು ಕಂಪ್ಯೂಟರು ದೂರು ಕೊಟ್ಟಿತು. ಮಾವನಿಗೆ ಇದು ಎಷ್ಟು ಹಿಡಿಸಿತೆಂದರೆ ಬಂದವರಿಗೆಲ್ಲ ಹೇಳಿ ಹೇಳಿ ನಕ್ಕರು. ಕೊನೆಗೆ ನನಗೂ ನಗು ಬಂತು.

ಆ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಇಂಜಿನಿಯರೊಬ್ಬರ ಫೋನ್ ನಂಬರು ಹೇಗೋ ಪತ್ತೆಯಾಯಿತು. ನಿವೃತ್ತರು. ಹಲಗೆಯ ಹೆಸರು ಹೇಳುತ್ತಲೇ ಅವರ ದನಿ ಮೆತ್ತಗಾಯಿತು.

"ಅಯ್ಯೋ, ಅದು ಇನ್ನೂ ಇದೆಯೇನಮ್ಮ? ಅದರ ಡ್ರೈವರನ್ನ ನಾವು ಎಲ್ಲೂ ಹಾಕ್ಲಿಲ್ಲ. ಪ್ರತಿ ಹಲಗೆ ಜೊತೆ ಒಂದು ಸಣ್ಣ ಸಿ.ಡಿ. ಕೊಡ್ತಿದ್ವಿ, ಅಂಗೈ ಅಗಲದ್ದು. ಅದನ್ನ ಹುಡುಕಿ. ಅದು ಬಿಟ್ರೆ ಬೇರೆ ದಾರಿ ಇಲ್ಲ" ಅಂದರು.

ಮಾವನನ್ನು ಕೇಳಿದೆ. "ಹೌದು, ಕೊಟ್ಟಿದ್ರು. ಮೇಲುಗಡೆ ನೀಲಿ ಬಣ್ಣ, ಕೆಳಗೆ ಕನ್ನಡಿ ಹಾಗೆ ಹೊಳೀತಿತ್ತು. ಜೋಪಾನ, ಯಾವತ್ತೂ ಕಳೀಬೇಡಿ ಅಂದಿದ್ರು. ಕಳೀಲಿಲ್ಲ ನಾನು" ಅಂದರು.

"ಹಾಗಾದ್ರೆ ಎಲ್ಲಿದೆ?"

"ಅದೇ ನೆನಪಾಗ್ತಿಲ್ಲ."

ಅತ್ತೆ ಸೆರಗು ಸಿಕ್ಕಿಸಿಕೊಂಡು ಯುದ್ಧಕ್ಕಿಳಿದರು. ಅವರ ಪ್ರಕಾರ ಕಳೆಯಬಾರದ ವಸ್ತು ಇರಬೇಕಾದದ್ದು ಬೀರುವಿನಲ್ಲಿ, ಬೀಗ ಹಾಕಿ, ಬೀಗದ ಕೈಯನ್ನು ಇನ್ನೊಂದು ಬೀಗದೊಳಗಿಟ್ಟು. ಬೀರುವನ್ನು ಬುಡಮೇಲು ಮಾಡಿದರು. ಹಲಗೆ ಬಂದ ಪ್ಲಾಸ್ಟಿಕ್ ಚೀಲ ಸಿಕ್ಕಿತು, ಅದರೊಳಗಿನ ತೇವ ಹೀರುವ ಪೊಟ್ಟಣವೂ ಸಿಕ್ಕಿತು, ಯಾವುದಕ್ಕೂ ಸೇರದ ಮೂರು ಕಾಲಿನ ಪ್ಲಗ್ಗು, ನನ್ನ ಮೊದಲ ಶೂವಿನ ಒಂದು ಲಾಡಿ, ಅವರೇ ಕಳೆದುಹೋಯಿತೆಂದು ಗಂಡನನ್ನು ಬೈದಿದ್ದ ಕನ್ನಡಕ, ಎಲ್ಲ ಸಿಕ್ಕವು. ಸಿ.ಡಿ. ಮಾತ್ರ ಸಿಗಲಿಲ್ಲ. ಕನ್ನಡಕವನ್ನು ಅತ್ತೆ ಸದ್ದಿಲ್ಲದೆ ಸೆರಗಿನೊಳಗೆ ಸೇರಿಸಿದ್ದನ್ನು ನಾನು ನೋಡಿಯೂ ನೋಡದಂತಿದ್ದೆ.

ನಿಜ ಹೇಳುತ್ತೇನೆ, ಆಗ ನನ್ನ ಮನಸ್ಸು ಎರಡು ದೋಣಿಯಲ್ಲಿ ಕಾಲಿಟ್ಟಿತ್ತು. ಡ್ರೈವರ್ ಸಿಕ್ಕರೆ ನನ್ನ ಶೂಗಳು ಮುಗಿದು ಅಂಗಡಿಯ ಬಾಗಿಲು ಮುಚ್ಚುತ್ತದೆ. ಸಿಗದಿದ್ದರೆ, ಒಂದೇ ಒಂದು ಉಳಿದ ಕೆಲಸವನ್ನೂ ಮಾಡಲಾಗದೆ ಮಾವ ಕೈಚೆಲ್ಲಿ ಮನೆಯಲ್ಲಿ ಕೂರುತ್ತಾರೆ. ಎರಡರಲ್ಲಿ ಯಾವುದು ಬೇಕೆಂದು ಕೇಳಿದರೆ ನನಗೆ ಎರಡೂ ಬೇಡವಾಗಿತ್ತು. ಹೊಸ ಹಲಗೆ ಕೊಡಿಸುತ್ತೇನೆ ಎಂದೆ. "ಮುಚ್ಚೋ ಅಂಗಡಿಗೆ ಹೊಸ ಹಲಗೆ ಯಾತಕ್ಕೆ?" ಎಂದು ತಳ್ಳಿಹಾಕಿದರು.

ಮರುದಿನ ಮಧ್ಯಾಹ್ನ ಕೊನೆಯ ಸಲ ಎಂದು ಕಂಪ್ಯೂಟರಿನ ಮುಂದೆ ಕೂತಿದ್ದೆ. ಪಕ್ಕದಲ್ಲಿ ಮಾವ ತಮ್ಮ ಪಾಡಿಗೆ ಇನ್ನೊಂದಷ್ಟು ಹಿಮ್ಮಡಿಯ ಪದರ ಕತ್ತರಿಸುತ್ತಿದ್ದರು. ಮೇಜಿನ ಬದಿಯ ಮೊಳೆಯಿಂದ ಒಂದು ಗುಂಡನೆಯ ಅಳತೆಬಿಲ್ಲೆ ತೆಗೆದು, ಚರ್ಮದ ಮೇಲಿಟ್ಟು, ಅದರ ಅಂಚಿಗೆ ಕತ್ತಿಯ ಮೊನೆ ತಾಗಿಸಿ, ಸರ್ರೆಂದು ಅರ್ಧ ಸುತ್ತು ಎಳೆಯುವುದು. ಹಿಮ್ಮಡಿಯ ಬೆನ್ನು ಅಷ್ಟರಲ್ಲೇ ಮೂಡಿಬಿಡುತ್ತದೆ. ಬಿಲ್ಲೆಯ ಮೇಲೆ ಕಂದು ಬಣ್ಣದ ಚರ್ಮ ಅಂಟಿಸಿತ್ತು, ಬೆರಳು ಜಾರದಿರಲೆಂದು. ಅದನ್ನು ನಾನು ವರ್ಷಗಳಿಂದ ನೋಡುತ್ತಿದ್ದೇನೆ. ಅದರ ಮೇಲೆ ಟೀ ಲೋಟ ಇಟ್ಟು ಬೈಸಿಕೊಂಡಿದ್ದೇನೆ ಕೂಡ.

ಆ ದಿನ ಮಾವ ಬಿಲ್ಲೆಯನ್ನು ಎತ್ತಿ ಮೊಳೆಗೆ ಸಿಕ್ಕಿಸುವಾಗ ಕಿಟಕಿಯ ಬಿಸಿಲು ಅದರ ಕೆಳಮೈಗೆ ಬಿತ್ತು. ಗೋಡೆಯ ಮೇಲೆ ಬಣ್ಣಬಣ್ಣದ ಬೆಳಕಿನ ಚೂರೊಂದು ಓಡಿತು.

"ಮಾವ," ಎಂದೆ. ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು. "ಆ ಬಿಲ್ಲೆ ಕೊಡಿ ಇಲ್ಲಿ."

ತಿರುಗಿಸಿ ನೋಡಿದೆ. ಅಂಗೈ ಅಗಲ. ನಡುವೆ ತೂತು. ಉಜ್ಜಿ ಉಜ್ಜಿ ಮಂಜು ಕವಿದಿದ್ದರೂ ಸಿ.ಡಿ. ಸಿ.ಡಿ.ಯೇ. ಅಂಚಿಗೆ ಕತ್ತಿ ತಾಗಿ ತಾಗಿ ಇಲಿ ಕಡಿದಂತಾಗಿತ್ತು.

ನಾನು ಕೂಗಿದ್ದು ಬೀದಿಯ ಕೊನೆಯವರೆಗೆ ಕೇಳಿಸಿತು. "ಕಳೀಬೇಡಿ ಅಂತ ಕೊಟ್ಟದ್ದನ್ನ ಕತ್ತಿ ಅಡಿ ಹಾಕಿದ್ದೀರಲ್ಲ ಮಾವ! ನಾನು ಊರೆಲ್ಲ ಹುಡುಕ್ತಾ ಇದ್ರೆ ಇಲ್ಲಿ ಚರ್ಮ ಹೊದ್ದು ಕೂತಿದೆಯಲ್ಲ ಇದು!"

ಮಾವ ಬಿಲ್ಲೆಯನ್ನೂ ನನ್ನನ್ನೂ ನೋಡಿದರು. ನಿಧಾನವಾಗಿ ಅವರ ಮುಖದಲ್ಲಿ ನೆನಪು ಮೂಡಿತು. "ಕಳೀಬಾರದು ಅಂತ್ಲೇ ಕಣೇ ಮೊಳೆಗೆ ಹಾಕಿದ್ದು. ಕಳೀಬಾರದ ವಸ್ತು ದಿನಾ ಕೈಗೆ ಸಿಗೋ ಕಡೆ ಇರ್ಬೇಕು. ಬೀರುವಿನಲ್ಲಿಟ್ರೆ ಮರ್ತೇ ಹೋಗುತ್ತೆ. ಒಂದಿನ ಹಿಮ್ಮಡಿ ಮೇಲಿಟ್ಟು ನೋಡಿದ್ರೆ ಸರಿಯಾಗಿ ಕೂತ್ಕೊಳ್ತು..." ಎಂದು ದನಿ ಇಳಿಸಿದರು. "ದಿನಾ ಕೈಯಲ್ಲಿ ಹಿಡ್ದೂ ಹಿಡ್ದೂ, ಅದು ಏನು ಅನ್ನೋದೇ ಮರ್ತುಬಿಟ್ಟೆ."

ಅತ್ತೆ ಪರದೆ ಸರಿಸಿ ಬಂದು ನೋಡಿ, ಸೊಂಟದ ಮೇಲೆ ಕೈಯಿಟ್ಟುಕೊಂಡು, "ನನ್ನನ್ನೂ ಹೀಗೇ ಮರ್ತಿದ್ದಾರೆ" ಅಂದರು.

ಸಿಟ್ಟು ಇಳಿದ ಮೇಲೆ ಕೂತು ಪರೀಕ್ಷಿಸಿದೆ. ಆಸೆ ಪೂರ್ತಿ ಸತ್ತಿರಲಿಲ್ಲ. ಸಿ.ಡಿ.ಯಲ್ಲಿ ಬರಹ ಶುರುವಾಗುವುದು ನಡುವಿನ ತೂತಿನ ಪಕ್ಕದಿಂದ, ಅಲ್ಲಿಂದ ಹೊರಕ್ಕೆ ಹರಡುತ್ತ ಹೋಗುತ್ತದೆ. ಡ್ರೈವರ್ ಎಷ್ಟು ಸಣ್ಣದೆಂದರೆ ಅಂಚಿನವರೆಗೆ ಬಂದೇ ಇರುವುದಿಲ್ಲ. ಕತ್ತಿ ತಾಗಿದ್ದು ಅಂಚಿಗೆ ಮಾತ್ರ. ಕೆಳಮೈಯ ಗೀರುಗಳನ್ನು ಹಲ್ಲುಜ್ಜುವ ಪೇಸ್ಟ್ ಹಚ್ಚಿ ತಿಕ್ಕಿದರೆ ತಿಳಿಯಾಗುತ್ತದೆ. ತೊಂದರೆ ಇದ್ದದ್ದು ಮೇಲೆ ಅಂಟಿಸಿದ ಚರ್ಮದ್ದು. ಅಷ್ಟು ದಪ್ಪದ ಬಿಲ್ಲೆ ಡ್ರೈವಿನೊಳಗೆ ತಿರುಗುವುದಿಲ್ಲ.

"ಕಿತ್ರೆ ಆಯ್ತು" ಎಂದು ಅತ್ತೆ ಉಗುರು ಹಾಕಲು ಬಂದರು. ನಾನು ಕೈ ಅಡ್ಡ ಹಿಡಿದೆ.

"ಮುಟ್ಟಬೇಡಿ ಅತ್ತೆ! ಬರಹ ಇರೋದು ಆ ನೀಲಿ ಬಣ್ಣದ ಅಡೀಲೇ, ಕೂದಲಿನಷ್ಟೂ ಆಳ ಇಲ್ಲ. ಚರ್ಮ ಕಿತ್ರೆ ಬಣ್ಣ ಎದ್ದು ಬರುತ್ತೆ. ಬಣ್ಣ ಎದ್ರೆ ಎಲ್ಲ ಹೋಯ್ತು. ಅಂಟು ಕರಗಿಸೋ ದ್ರಾವಣ ಹಾಕಿದ್ರೂ ಅಷ್ಟೇ."

ಮಾವ ಬಿಲ್ಲೆಯನ್ನು ತೆಗೆದುಕೊಂಡು ಬೆಳಕಿಗೆ ಹಿಡಿದರು. "ಕೀಳೋದು ಬೇಡ. ತೆಳು ಮಾಡಿದ್ರೆ?"

"ಎಷ್ಟು ತೆಳು ಮಾಡಕ್ಕಾಗುತ್ತೆ?"

"ಈರುಳ್ಳಿ ಸಿಪ್ಪೆಯಷ್ಟು." ಆಮೇಲೆ ತಮ್ಮ ಬೆರಳುಗಳನ್ನು ನೋಡಿಕೊಂಡರು. "ಮೊದಲಾಗಿದ್ರೆ ಕಣ್ಣು ಮುಚ್ಕೊಂಡು ಮಾಡ್ತಿದ್ದೆ."

ಚರ್ಮವನ್ನು ಪದರ ಪದರವಾಗಿ ಹೆರೆಯುವುದು ಅವರ ಕಸುಬಿನಲ್ಲೇ ಎಲ್ಲಕ್ಕಿಂತ ನಾಜೂಕಿನ ಕೆಲಸ. ಕತ್ತಿ ಎಷ್ಟು ಆಳ ಹೋಗಿದೆ ಎಂದು ಹೇಳಬೇಕಾದದ್ದು ತುದಿಬೆರಳು. ಕೆಳಗಿರುವುದು ಬೇರೆ ಚರ್ಮವಾಗಿದ್ದರೆ ತಪ್ಪಿದರೂ ಇನ್ನೊಂದು ತುಂಡು ಇರುತ್ತಿತ್ತು. ಇಲ್ಲಿ ಇನ್ನೊಂದು ಇರಲಿಲ್ಲ. ಬೇಡ ಬಿಡಿ ಎಂದು ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಹೋಗಿ ಚರ್ಮ ಹೆರೆಯಲು ಬಳಸುವ ಅಮೃತಶಿಲೆಯ ಚಪ್ಪಡಿಯ ಮೇಲೆ ಮೆತ್ತನೆಯ ಬಟ್ಟೆ ಹಾಸಿ, ಮಾವನ ಸ್ಟೂಲನ್ನು ಬೆಳಕಿಗೆ ಎಳೆದಿಟ್ಟರು.

"ಕೂತ್ಕೊಳ್ಳಿ. ಬಿಲ್ಲೆ ನಾನು ಅಲುಗಾಡದ ಹಾಗೆ ಹಿಡೀತೀನಿ" ಅಂದರು.

ಮಾವ ಕತ್ತಿಯನ್ನು ಮಸೆದರು. ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಮಸೆದರು. "ಇಬ್ರೂ ಸುಮ್ನಿರ್ಬೇಕು. ನಾನು ಕೇಳಿಸ್ಕೋಬೇಕು" ಅಂದರು. ಮೊದಲು ನನಗೆ ಅರ್ಥವಾಗಲಿಲ್ಲ. ಕತ್ತಿ ಹರಿಯತೊಡಗಿದ ಮೇಲೆ ಅರ್ಥವಾಯಿತು. ಅವರು ತಲೆಯನ್ನು ಒಂದು ಬದಿಗೆ ವಾಲಿಸಿ, ಚರ್ಮ ಹೆರೆಯುವ ಸದ್ದಿಗೆ ಕಿವಿಗೊಟ್ಟಿದ್ದರು. ಮೇಲಿನ ಪದರದಲ್ಲಿ ಕತ್ತಿ ಮೆತ್ತಗೆ ಸುಯ್ಯೆನ್ನುತ್ತಿತ್ತು. ಕೆಳಕ್ಕಿಳಿದಂತೆ ಸದ್ದು ಸಣ್ಣದಾಯಿತು. ಆಗಾಗ ಕತ್ತಿ ಕೆಳಗಿಟ್ಟು, ಬಿಲ್ಲೆಯ ಅಂಚನ್ನು ಕೆಳದುಟಿಗೆ ತಾಗಿಸಿ ದಪ್ಪ ನೋಡುತ್ತಿದ್ದರು. ಬೆರಳು ಮರೆತದ್ದು ತುಟಿಗೆ ಇನ್ನೂ ನೆನಪಿತ್ತು. ಅತ್ತೆ ಉಸಿರು ಬಿಗಿಹಿಡಿದು ಬಿಲ್ಲೆಯ ಅಂಚು ಒತ್ತಿ ಕೂತಿದ್ದರು, ಕತ್ತಿ ಅವರ ಉಗುರಿನ ಪಕ್ಕದಲ್ಲೇ ಹಾದುಹೋಗುತ್ತಿದ್ದರೂ ಕೈ ಹಿಂದೆಗೆಯಲಿಲ್ಲ. ಇವರಿಬ್ಬರ ನಡುವೆ ಇಷ್ಟು ವರ್ಷ ಏನಿತ್ತು ಎಂದು ಯಾರಾದರೂ ಕೇಳಿದ್ದರೆ ನಾನು ಆ ಕೈಗಳನ್ನು ತೋರಿಸುತ್ತಿದ್ದೆ.

ಒಂದು ಕಡೆ ಕತ್ತಿಯ ಸದ್ದು ಅಂಟಂಟಾಗಿ ಬದಲಾಯಿತು. ಮಾವ ತಕ್ಷಣ ನಿಲ್ಲಿಸಿದರು. "ಅಂಟಿಗೆ ಬಂತು. ಸಾಕು" ಎಂದು ಕತ್ತಿ ಕೆಳಗಿಟ್ಟರು. ಹಣೆಯ ಬೆವರು ಒರೆಸಿಕೊಂಡ ಮೇಲೆ ನೋಡಿದೆ. ಚರ್ಮದ ತೆಳ್ಳನೆಯ ಪೊರೆಯ ಅಡಿಯಿಂದ ನೀಲಿ ಬಣ್ಣ ಮಸುಕಾಗಿ ಕಾಣುತ್ತಿತ್ತು, ಒಂದು ಚೂರೂ ಎದ್ದಿರಲಿಲ್ಲ.

ಕೆಳಮೈಯನ್ನು ಪೇಸ್ಟ್ ಹಚ್ಚಿ ತಿಕ್ಕಿ ತೊಳೆದೆ. ಮಾವ ಶೂ ಪಾಲಿಶ್ ಡಬ್ಬಿ ಹಿಡಿದುಕೊಂಡು ಸಹಾಯಕ್ಕೆ ಬಂದರು, ಅವರನ್ನು ಗದರಿಸಿ ಕೂರಿಸಿದೆ. ಬಿಲ್ಲೆಯನ್ನು ಡ್ರೈವಿಗೆ ಹಾಕಿದೆ. ಅದು ಗರಗರ ಅಂದಿತು, ನಿಂತಿತು, ಮತ್ತೆ ಗರಗರ ಅಂದಿತು. ಫೈಲುಗಳು ಒಂದೊಂದಾಗಿ ಬರತೊಡಗಿದವು. ನಡುವೆ ಒಂದು ಕಡೆ, ಪರದೆಯ ಮೇಲೆ ತುಂಬುತ್ತಿದ್ದ ಪಟ್ಟಿ ಅಲ್ಲಾಡದೆ ನಿಂತುಬಿಟ್ಟಾಗ ಅತ್ತೆ ನನ್ನ ತೋಳನ್ನು ಎಷ್ಟು ಗಟ್ಟಿಯಾಗಿ ಹಿಡಿದರೆಂದರೆ ಆಮೇಲೂ ಗುರುತು ಉಳಿದಿತ್ತು. ಪಟ್ಟಿ ಮುಂದೆ ಸರಿಯಿತು. ಹಳದಿ ಗುರುತು ಮಾಯವಾಯಿತು. ಮೂಲೆಯಲ್ಲಿದ್ದ ಪಾದದ ಹಲಗೆಯ ಹಸಿರು ದೀಪ ಹತ್ತಿಕೊಂಡಿತು.

ಮಾವ ನನ್ನ ತಲೆಯ ಮೇಲೆ ಒಮ್ಮೆ ಕೈಯಿಟ್ಟು ತೆಗೆದರು. "ಬಾ, ನಿಂತ್ಕೋ" ಅಂದರು.

ಶೂ ಬಿಚ್ಚಿ ಹಲಗೆಯ ಮೇಲೆ ನಿಂತೆ. ಈ ಹಲಗೆ ಬಂದಾಗಿನಿಂದ ನಾನು ಇದರ ಮೇಲೆ ಹತ್ತಿದ್ದು ಇದೇ ಮೊದಲು. ಇಷ್ಟು ದಿನ ಮಾವನಿಗೆ ನನ್ನ ಕಾಲು ಕಂಠಪಾಠವಾಗಿತ್ತಲ್ಲ. ನನ್ನ ಹಳೆಯ ಹಿಮ್ಮಡಿ ಪದರವನ್ನೇ ಬಲಗಾಲಿನ ಅಡಿಗಿಟ್ಟು, "ನೆಟ್ಟಗೆ ನಿಲ್ಲು, ಅಲುಗಾಡ್ಬೇಡ" ಎಂದು ಪರದೆಯ ಕಡೆ ತಿರುಗಿದರು. ನಾನು ಅಲ್ಲಿಂದಲೇ ಕತ್ತು ಚಾಚಿ ನೋಡಿದೆ. ನನ್ನ ಎರಡು ಪಾದಗಳು ಬಣ್ಣ ಬಣ್ಣವಾಗಿ ಮೂಡಿದ್ದವು. ಎಡಪಾದ ಸಮಾಧಾನವಾಗಿತ್ತು. ಬಲಪಾದದ ಹೊರ ಅಂಚಿನುದ್ದಕ್ಕೂ ಕೆಂಡದಂಥ ಕೆಂಪು.

ಮಾವ ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಇದು ನಿನ್ನ ಕಾಲಲ್ಲ" ಅಂದರು.

"ಇನ್ಯಾರದು ಮಾವ? ಬೇರೆ ಯಾರಾದ್ರೂ ನಿಂತಿದ್ದಾರಾ ಇಲ್ಲಿ?"

"ನಾನು ಕಲಿತ ಕಾಲು ಹೀಗಿರ್ಲಿಲ್ಲ." ಬಂದು ನನ್ನ ಪಾದದ ಬಳಿ ಕುಕ್ಕರಗಾಲಲ್ಲಿ ಕೂತರು. "ಹೊರಗಡೆಗೆ ವಾಲ್ತಾ ಇದ್ದೀಯ. ಪದರ ಸಾಲ್ತಾ ಇಲ್ಲ ನಿನಗೆ. ಎಷ್ಟು ವರ್ಷದಿಂದ ಹೀಗೆ? ಸೊಂಟ ನೋಯಲ್ವಾ?"

ನೋಯುತ್ತಿತ್ತು. ದಿನವೂ ನೋಯುತ್ತಿತ್ತು. ನಾನು ಕುರ್ಚಿಯನ್ನು ಬೈದುಕೊಂಡು ಎರಡು ಸಲ ಕುರ್ಚಿ ಬದಲಾಯಿಸಿದ್ದೆ.

"ಯಾಕೆ ಹೇಳ್ಲಿಲ್ಲ?" ಎಂದು ಮಾವ ಕೇಳಿದರು. ಅವರ ದನಿಯಲ್ಲಿ ನೋವಿತ್ತು.

"ನೀವು ಬೆರಳಿನ ವಿಷಯ ಹೇಳಿದ್ರಾ?" ಅಂದೆ. ಸಿಟ್ಟಿನಿಂದಲೇ ಅಂದೆ. ಮಾವ ತಲೆ ತಗ್ಗಿಸಿದರು.

ಅತ್ತೆ ಮೇಜಿನ ಕೆಳಗಿನಿಂದ ರಟ್ಟಿನ ಪೆಟ್ಟಿಗೆಯನ್ನು ಕಾಲಿನಿಂದಲೇ ಮುಂದಕ್ಕೆ ತಳ್ಳಿದರು. ನನ್ನ ಜೀವಮಾನದ ಹಿಮ್ಮಡಿಗಳು, ಎಲ್ಲ ಹಳೆಯ ಅಳತೆಯವು. "ಹಾಗಾದ್ರೆ ಇವೆಲ್ಲ?"

ಮಾವ ಒಂದನ್ನು ಕೈಗೆತ್ತಿಕೊಂಡರು, ಕೆಳದುಟಿಗೆ ತಾಗಿಸಿದರು, ಮತ್ತೆ ಪೆಟ್ಟಿಗೆಗೆ ಹಾಕಿದರು. "ಲೋಟದ ಅಡಿಗಿಡು" ಅಂದರು. ಸ್ವಲ್ಪ ಹೊತ್ತು ಪರದೆಯನ್ನೂ ನನ್ನ ಕಾಲನ್ನೂ ನೋಡುತ್ತ ಕೂತರು. ಅವರ ಮುಖದಲ್ಲಿ ಮೊದಲು ಸೋಲು ಕಂಡಿತು, ಆಮೇಲೆ ಸೋಲಿನ ಜಾಗದಲ್ಲಿ ಇನ್ನೇನೋ ಬಂತು. ಗಿರಾಕಿಯ ಕಾಲು ಕೈಯಲ್ಲಿರುವಾಗ ಅವರ ಮುಖ ಹೇಗಿರುತ್ತದೋ ಹಾಗೆ.

"ಜೀವಮಾನಕ್ಕೆಲ್ಲ ಒಟ್ಟಿಗೆ ಹೊಲಿದಿಡಕ್ಕೆ ಬರಲ್ಲ ಕಣೇ ಇದನ್ನ" ಅಂದರು. "ಕಾಲು ಕೂತಲ್ಲಿ ಕೂರಲ್ಲ. ಈಗ ಒಂದೇ ಜೊತೆ ಮಾಡ್ತೀನಿ. ಮುಂದಿನ ವರ್ಷ ಮತ್ತೆ ಬಂದು ನಿಲ್ಲು, ಆವಾಗ ಕಾಲು ಏನು ಹೇಳುತ್ತೋ ನೋಡೋಣ. ಅದರ ಮುಂದಿನ ವರ್ಷ ಮತ್ತೆ."

ಅತ್ತೆ ತಿರುಗಿ ಗಂಡನ ಮುಖ ನೋಡಿದರು. "ಮತ್ತೆ ಮಳಿಗೆ ಮಾಲೀಕರಿಗೆ ಹೇಳಿದ್ದು?"

"ಫೋನ್ ಮಾಡಿ ಹೇಳು, ಈ ವರ್ಷ ಮಳಿಗೆ ಬಿಡಲ್ಲ ಅಂತ."

ಅತ್ತೆ ಅಲ್ಲೇ ಫೋನ್ ಮಾಡಲಿಲ್ಲ. ಪರದೆ ಸರಿಸಿಕೊಂಡು ಅಡುಗೆಮನೆಗೆ ಹೋದರು. ನಲ್ಲಿಯ ನೀರು ಸುಮ್ಮನೆ ಹರಿಯುತ್ತಿತ್ತು, ಅವರು ಮೂಗೆಳೆದುಕೊಳ್ಳುತ್ತಿದ್ದುದು ಅದರ ನಡುವೆಯೂ ನಮಗೆ ಕೇಳಿಸಿತು. ಇಬ್ಬರೂ ಕೇಳಿಸದಂತೆ ನಟಿಸಿದೆವು.

ನಾನು ಬಿಲ್ಲೆಯಲ್ಲಿದ್ದದ್ದನ್ನೆಲ್ಲ ನನ್ನ ಅಂಗಡಿಗೂ, ಮನೆಗೂ, ಆ ನಿವೃತ್ತ ಇಂಜಿನಿಯರಿಗೂ ಕಳಿಸಿ ಭದ್ರಪಡಿಸಿದೆ. ಬಿಲ್ಲೆಯನ್ನು ಬೀರುವಿನಲ್ಲಿಡುತ್ತೇನೆ ಎಂದೆ. ಮಾವ ಅದನ್ನು ನನ್ನ ಕೈಯಿಂದ ಇಸಿದುಕೊಂಡು ಮೊಳೆಗೆ ಸಿಕ್ಕಿಸಿದರು.

"ಇನ್ಮೇಲೆ ಇದರ ಮೇಲೆ ಕತ್ತಿ ಆಡಿಸಲ್ಲ. ಆದ್ರೆ ಇರೋದು ಇಲ್ಲೇ" ಅಂದರು.

ಆಮೇಲೆ ಹೊಸ ಚರ್ಮದ ತುಂಡೊಂದನ್ನು ನನ್ನ ಮುಂದೆ ಹಾಕಿ, "ನಿನ್ನ ಹೆಬ್ಬೆರಳಿಂದ ಒತ್ತು. ಎಲ್ಲಿ ಮೆತ್ತಗಿದೆ ಹೇಳು" ಅಂದರು. ಒತ್ತಿದೆ. ನನಗೆ ಎಲ್ಲ ಒಂದೇ ಥರ ಅನ್ನಿಸಿತು. "ಕಣ್ಣು ಮುಚ್ಕೋ" ಅಂದರು. ಕಣ್ಣು ಮುಚ್ಚಿದೆ. ಅವರು ನನ್ನ ಮಣಿಕಟ್ಟು ಹಿಡಿದು ಹೆಬ್ಬೆರಳನ್ನು ಚರ್ಮದ ಮೇಲೆ ನಿಧಾನವಾಗಿ ನಡೆಸಿಕೊಂಡು ಹೋದರು, ನಾನು ಚಿಕ್ಕವಳಿದ್ದಾಗ ಮೇಜಿನ ಮೇಲೆ ನಿಲ್ಲಿಸಿ ಕಾಲು ಹಿಡಿದಿದ್ದರಲ್ಲ, ಅದೇ ಹಿಡಿತ. ಒಂದು ಕಡೆ ಬೆರಳು ಕೂದಲೆಳೆಯಷ್ಟು ಒಳಕ್ಕಿಳಿಯಿತು.

"ಇಲ್ಲಿ," ಅಂದೆ.

"ಹ್ಞಾ," ಅಂದರು ಮಾವ. "ಈಗ ಸರಿ."